ಡಬ್ಬಿ ತುಂಬಿದ ಮೇಲೆ

ಬೀದಿಯವರು ಅವಳನ್ನು ಓಟದಕ್ಕ ಎನ್ನುತ್ತಾರೆ. ಅದಕ್ಕೂ ಮುಂಚೆ ಅವಳಿಗಿದ್ದ ಹೆಸರುಗಳೆಲ್ಲ ಇನ್ನೊಬ್ಬರ ಹಿಂದೆ ಜೋತುಬಿದ್ದಿದ್ದವು: ಕರೆಂಟ್ ಆಫೀಸಿನವರ ಹೆಂಡತಿ, ಮಹಡಿ ಮನೆ ಅಜ್ಜಿಯ ಸೊಸೆ, ಬಟ್ಟೆ ಅಂಗಡಿಯ ಟೈಲರಮ್ಮ. ಅಂಗಡಿಯ ಹಿಂದುಗಡೆ, ಉಗ್ರಾಣಕ್ಕೆ ಹೋಗುವ ದಾರಿಯಲ್ಲಿ ಅವಳ ಹೊಲಿಗೆ ಯಂತ್ರವಿದೆ. ಗಿರಾಕಿ ಪ್ಯಾಂಟು ಕೊಂಡು ದುಡ್ಡು ಕೊಟ್ಟು ಚಿಲ್ಲರೆ ಎಣಿಸಿಕೊಳ್ಳುವಷ್ಟರಲ್ಲಿ ಇವಳು ಕಾಲುದ್ದ ಮಡಿಸಿ ಹೊಲಿದಿರಬೇಕು. ದಿನವೆಲ್ಲ ಊರಿನವರ ಸೊಂಟ ಬಿಡಿಸಿ, ತೋಳು ಗಿಡ್ಡ ಮಾಡಿ, ಸಂಜೆ ಎದ್ದಾಗ ಅವಳ ಸೊಂಟವೇ ಹಿಡಿದುಕೊಂಡಿರುತ್ತಿತ್ತು.

ಓಟ ಶುರುವಾದದ್ದು ಅತ್ತೆ ಜಾರಿ ಬಿದ್ದದ್ದರಿಂದ. ಬಚ್ಚಲಲ್ಲಿ ಬಿದ್ದ ಮುದುಕಿಯ ಸೊಂಟದ ಮೂಳೆ ಮುರಿದು, ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು. ಜೊತೆಗೆ ಯಾರಿರಬೇಕು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳದೆಯೇ ಅವಳ ಚೀಲ ತುಂಬಿತ್ತು.

ಹೆಂಗಸರ ವಾರ್ಡಿನ ಹೊರಗೆ ಉದ್ದನೆಯ ಮೊಗಸಾಲೆ. ರೋಗಿಯ ಜೊತೆ ಬಂದವರು ಅಲ್ಲೇ ಬೆಡ್‌ಶೀಟ್ ಹಾಸಿಕೊಂಡು ಮಲಗಬೇಕು. ವಾರ್ಡಿನ ಶೌಚಾಲಯ ರೋಗಿಗಳಿಗೆ ಮಾತ್ರ. ಹೊರಗಿನವರದ್ದು ಗೇಟಿನ ಹತ್ತಿರ ಇತ್ತು, ಕತ್ತಲಾದರೆ ಅದಕ್ಕೆ ಬೀಗ. ಹಾಗಾಗಿ ಮಧ್ಯಾಹ್ನ ಇಳಿಯುತ್ತಿದ್ದಂತೆ ಆ ಹೆಂಗಸರೆಲ್ಲ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಒಬ್ಬರನ್ನೊಬ್ಬರು ನೋಡಿ ಕಲಿತದ್ದು. ಅಲ್ಲಿ ಮಲಗಿದವರಲ್ಲಿ ಹೆಂಡತಿಯರಿದ್ದರು, ಸೊಸೆಯರಿದ್ದರು, ಮಗಳಂದಿರಿದ್ದರು. ಗಂಡಸರು ಭೇಟಿಯ ಹೊತ್ತಿಗೆ ಹಣ್ಣು ಹಿಡಿದು ಬರುತ್ತಿದ್ದರು, ಡಾಕ್ಟರು ಏನಂದರು ಎಂದು ಕೇಳಿ ಗಡಿಯಾರ ನೋಡುತ್ತಿದ್ದರು.

ಮೊಗಸಾಲೆಯ ಕೊನೆಗೆ ಮುರಿದ ಮಂಚಗಳನ್ನು ತುಂಬಿಟ್ಟ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿ ಒಂದು ಶೌಚಾಲಯ, ಒಂದು ನಲ್ಲಿ, ನಾಲ್ಕು ಹಾಸಿಗೆ ಹಾಕಿಸಬಾರದೇ ಎಂದು ಅವಳು ದೊಡ್ಡ ನರ್ಸನ್ನು ಕೇಳಿದಳು.

“ರೋಗಿಗೆ ಅಂತ ದುಡ್ಡು ಬರುತ್ತಮ್ಮ,” ಎಂದರು ನರ್ಸು. “ರೋಗಿನ ನೋಡ್ಕೊಳ್ಳೋರಿಗೆ ಅಂತ ಯಾವ ಲೆಕ್ಕದಲ್ಲೂ ಬರಲ್ಲ.”

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದ ಮೇಲೆ ಮಗಳ ಹತ್ತಿರ ಹೇಳಿಕೊಂಡಳು. ತನ್ನ ಕಾಲೇಜಿನಲ್ಲಿ ಒಬ್ಬರು ದಿನಾ ಓಡಿ ಒಳ್ಳೆ ಕೆಲಸಕ್ಕೆ ಹಣ ಕೂಡಿಸಿದರು, ಓಡಿದ ದಿನಕ್ಕೆ ಇಷ್ಟು ಅಂತ ಜನ ಕೊಡುತ್ತಾರೆ, ತಪ್ಪಿಸಿದ ದಿನಕ್ಕಿಲ್ಲ ಎಂದಳು ಮಗಳು. ನಗುನಗುತ್ತಾ ತನ್ನ ಹಳೆಯ ಶೂ ತಂದು ಮುಂದಿಟ್ಟಳು. ಅವು ಅಮ್ಮನ ಕಾಲಿಗೆ ಸರಿಹೋದವು. ಅಂಗಡಿಯವರು ಗಲ್ಲಾದ ಪಕ್ಕ ಒಂದು ಡಬ್ಬಿ ಇಟ್ಟರು. ಓಡಿದ ದಿನಕ್ಕಿಷ್ಟು ಎಂದು ಬೀದಿಯ ಮನೆಗಳೂ ಒಪ್ಪಿಕೊಂಡವು. ಹಣ ಕೂಡಿದರೆ ಆ ಕೋಣೆ ಸರಿಮಾಡಿಸುತ್ತೇನೆಂದು ದೊಡ್ಡ ನರ್ಸು ಖರ್ಚಿನ ಲೆಕ್ಕ ಹೇಳಿದರು.

ಆರೋಗ್ಯಕ್ಕೆ ಓಡುತ್ತೇನೆ ಎಂದಿದ್ದರೆ ಉತ್ತರ ಏನು ಬರುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಮೆಟ್ಟಿಲು ಹತ್ತಿ ಇಳಿಯುವುದು ಸಾಲದೇ, ಬಟ್ಟೆ ಒಗೆಯುವುದು ವ್ಯಾಯಾಮವಲ್ಲವೇ, ಬೆಳಗಿನ ತಿಂಡಿ ಯಾರು ಮಾಡುತ್ತಾರೆ? ಆದರೆ ಇದು ಧರ್ಮದ ಕೆಲಸ. ಬೀದಿಯವರ ಮುಂದೆ ಬೇಡ ಎನ್ನುವುದಕ್ಕೆ ಗಂಡನಿಗೆ ನಾಲಿಗೆ ಏಳಲಿಲ್ಲ. ಎರಡನೇ ವಾರಕ್ಕೆ ಅವನೇ ಆಫೀಸಿನಲ್ಲಿ, “ನಾವು ಆಸ್ಪತ್ರೆಗೋಸ್ಕರ ಓಡ್ತಾ ಇದೀವಿ,” ಎಂದು ಹೇಳಿಕೊಳ್ಳತೊಡಗಿದ. ಅವನು ಹಾಸಿಗೆ ಬಿಟ್ಟು ಏಳುವ ಹೊತ್ತಿಗೆ ಅವಳು ಕೆರೆ ಸುತ್ತಿ ಬಂದು ಒಲೆ ಹಚ್ಚಿರುತ್ತಿದ್ದಳು.

ಮೊದಲ ದಿನ ಎರಡು ಬೀದಿ ದಾಟುವಷ್ಟರಲ್ಲಿ ಉಸಿರು ಕಿತ್ತುಕೊಂಡು ಬಂದಿತ್ತು. ಕಂಬ ಹಿಡಿದು ನಿಂತಾಗ ತನ್ನ ಕೈಗಳ ಕಡೆ ಗಮನ ಹೋಯಿತು. ಅವು ಖಾಲಿ ಇದ್ದವು. ಚೀಲವಿಲ್ಲ, ಕೊಡೆಯಿಲ್ಲ, ಯಾರ ಕೈಯನ್ನೂ ಹಿಡಿದಿಲ್ಲ. ಮದುವೆಯಾದ ಮೇಲೆ ಹೀಗೆ ಬರಿಗೈಯಲ್ಲಿ ಬೀದಿಗೆ ಬಂದ ನೆನಪೇ ಅವಳಿಗಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ಕೆರೆಯ ಆಚೆ ದಡದಲ್ಲಿ ಒಂದಷ್ಟು ದೂರ ಮನೆಯೂ ನೆನಪಾಗದೆ, ಅಂಗಡಿಯೂ ನೆನಪಾಗದೆ, ಮೈ ತನ್ನಷ್ಟಕ್ಕೆ ತಾನು ಹೋಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹಣ ಕೊಡುವವರು ಕಷ್ಟಪಡುವುದಕ್ಕೆ ಕೊಡುತ್ತಾರೆ, ಖುಷಿಪಡುವುದಕ್ಕಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಕೈ ಖಾಲಿ ಇರುವುದನ್ನು ಅವಳಿಗಿಂತ ಚೆನ್ನಾಗಿ ಗಮನಿಸಿದವರು ಬೇರೆಯವರು. “ಹೇಗೂ ಆ ಕಡೆ ಓಡ್ತೀಯಲ್ಲ, ಹಾಲು ತಂದ್ಬಿಡು,” ಎಂದಿತು ಮನೆ. ಆಮೇಲೆ ಬ್ರೆಡ್ಡು, ಆಮೇಲೆ ಅತ್ತೆಯ ಮಾತ್ರೆ. ಎದುರುಮನೆ ಟೀಚರು ಕೆರೆಯಾಚೆಯ ಮಗಳ ಮನೆಗೆ ಡಬ್ಬಿ ಊಟ ಕಳಿಸಿದರು, ಸಾರು ಇದೆ, ಸ್ವಲ್ಪ ನಿಧಾನಕ್ಕೆ ಓಡು ಎಂಬ ಬುದ್ಧಿವಾದದ ಸಮೇತ. ಅವಳು ಪ್ಯಾಂಟಿಗೆ ಒಂದೊಂದೇ ಜೇಬು ಹೊಲಿದುಕೊಳ್ಳುತ್ತಾ ಹೋದಳು. ಓಟದಕ್ಕ ಓಡಿಬರುವಾಗ ಪಾತ್ರೆ ಅಂಗಡಿಯೇ ಬಂದ ಹಾಗೆ ಸದ್ದಾಗುತ್ತದೆ ಎಂದು ಅಂಗಡಿಯವರು ಗೇಲಿ ಮಾಡುತ್ತಿದ್ದರು.

ಆದರೂ ದಿನ ತಪ್ಪಿಸಬಾರದೆಂಬ ಆ ನಿಯಮ ಅವಳಿಗೆ ಬೇಲಿಯ ಹಾಗೆ ಕಾವಲಿತ್ತು. ಒಮ್ಮೆ ನಾದಿನಿಯ ಸಂಸಾರವೆಲ್ಲ ಬಂದಿಳಿದು ಬೆಳಗಾಗುತ್ತಲೇ ಕಾಫಿ ಕೇಳಿದಾಗ, ಅತ್ತೆ ಮಂಚದಿಂದಲೇ, “ಅವಳಿನ್ನೂ ಓಡಿಲ್ಲ, ಬಿಡ್ರೋ,” ಎಂದಿದ್ದಳು. ನಾದಿನಿಯ ಗಂಡ ಅಡುಗೆಮನೆಯಲ್ಲಿ ಸಕ್ಕರೆ ಹುಡುಕುವುದನ್ನು ಅವಳು ಬಾಗಿಲಿಂದ ನೋಡಿಕೊಂಡೇ ಹೋದಳು.

ಡಬ್ಬಿ ಮುಕ್ಕಾಲು ಪಾಲು ತುಂಬಿದ ಸುದ್ದಿ ಬಂತು. ಬೇಗ ತುಂಬಲಿ ಎಂದು ಹಾರೈಸಬೇಕಾದ ಮನಸ್ಸು ಇನ್ನೊಂದಷ್ಟು ದಿನ ಬೇಕು ಎನ್ನುತ್ತಿತ್ತು. ತುಂಬಿದ ಮರುದಿನ ಏನೆಂದು ಹೇಳಿ ಬಾಗಿಲು ದಾಟುವುದು?

ಅದೇ ವಾರ ಅಂಗಡಿಯವರು ಯಂತ್ರದ ಹತ್ತಿರ ಬಂದು ದನಿ ತಗ್ಗಿಸಿ ಮಾತಾಡಿದರು. ಮಗಳ ಮದುವೆಯ ಬಟ್ಟೆಗೆಲ್ಲ ಇವಳ ಕೈಯಲ್ಲೇ ಅಳತೆ ಸರಿಮಾಡಿಸಿಕೊಂಡಿದ್ದ ಗಿರಾಕಿ ಹೆಂಗಸೊಬ್ಬರು ಉಳಿದದ್ದನ್ನೆಲ್ಲ ತಾವೇ ಕೊಡುತ್ತೇವೆ ಎಂದಿದ್ದರಂತೆ. “ನೀವೇ ನರ್ಸಮ್ಮನಿಗೆ ಹೇಳಿ ಅಕ್ಕ, ಓಡಿದವರು ನೀವು,” ಎಂದರು.

ಅವಳು ಸೋಮವಾರ ಹೇಳುತ್ತೇನೆ ಎಂದಳು. ಸೋಮವಾರ ಬಂದಾಗ ನರ್ಸಿಗೆ ರಜೆ ಇರಬಹುದು ಎಂದಳು. ಅಂಗಡಿಯವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಮರುದಿನ ಬೆಳಿಗ್ಗೆ ಕೆರೆಯ ಹತ್ತಿರ ಅವಳ ಕಾಲು ಭಾರವಾಯಿತು. ಕದ್ದ ಬಟ್ಟೆ ತೊಟ್ಟು ಬಂದ ಹಾಗೆ. ದಂಡೆ ಬಿಟ್ಟು ಆಸ್ಪತ್ರೆಯ ದಾರಿ ಹಿಡಿದಳು.

ಮೊಗಸಾಲೆಯಲ್ಲಿ ಹೆಂಗಸರು ಬೆಡ್‌ಶೀಟು ಮಡಿಸುತ್ತಿದ್ದರು. ಗೇಟಿನ ಹತ್ತಿರದ ಶೌಚಾಲಯದ ಬೀಗ ತೆಗೆಯುವವನು ಇನ್ನೂ ಬಂದಿರಲಿಲ್ಲ. ಹೊಸ ಬಾಣಂತಿಯ ತಾಯಿಯೋ ಅಕ್ಕನೋ ಇರಬೇಕು, ಒಬ್ಬಳು ಗೋಡೆಗೆ ಒರಗಿ, ಕಾಲಿಗೆ ಕಾಲು ಹೆಣೆದು, ತುಟಿ ಕಚ್ಚಿ ನಿಂತಿದ್ದಳು. ಇವಳು ಬೆವರುತ್ತಾ ಬಂದದ್ದನ್ನು ಕಂಡು, “ನಿಮ್ಮೋರು ಯಾವ ವಾರ್ಡಿನಲ್ಲಿದ್ದಾರೆ?” ಎಂದು ಕೇಳಿದಳು. ಓಟದಕ್ಕ ನೇರ ಹೋಗಿ ದೊಡ್ಡ ನರ್ಸಿಗಾಗಿ ಕಾದು ಕೂತಳು. ಅವರು ಬಂದ ಕೂಡಲೇ, ಹಣ ಪೂರ್ತಿಯಾಗಿದೆ, ಕೆಲಸ ಶುರು ಮಾಡಿಸಿ ಎಂದಳು. ಆವತ್ತು ಹಾಲಿಲ್ಲದೆ ಮನೆಗೆ ಬಂದಳು.

ಸಂಜೆ ಮನೆಯಲ್ಲಿ ಸಡಗರ. ಗಂಡ ಸಿಹಿ ತಂದಿದ್ದ. ಅಂತೂ ದಡ ಮುಟ್ಟಿದೆವು ಎಂದ. ನಾಳೆಯಿಂದ ಆರಾಮಾಗಿ ಮಲಗು, ಬೆಳಿಗ್ಗೆ ತಿಂಡಿಯೂ ಹೊತ್ತಿಗೆ ಸರಿಯಾಗಿ ಆಗುತ್ತದೆ ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನ ಪಾಲಿಗೆ ಕೆಲಸ ಮುಗಿದಿತ್ತು.

ಊಟವಾದ ಮೇಲೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು.

“ಏನೇ, ಸಪ್ಪಗಿದ್ದೀಯ?”

“ಏನಿಲ್ಲ ಅತ್ತೆ.”

“ನನ್ನ ಸೊಂಟ ಮುರಿದಿರೋದು, ಕಣ್ಣಲ್ಲ.” ಮುದುಕಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಇನ್ನೊಂದು ಏನಾದ್ರೂ ಹುಡುಕು. ಅನಾಥ ಮಕ್ಕಳು, ಕಣ್ಣು ಕಾಣದೋರು, ಎಷ್ಟು ಜನ ಇಲ್ಲ. ನಮ್ಮ ಕಾಲದಲ್ಲಿ ನಾನು ಸತ್ತವರ ಮನೆಗೆಲ್ಲ ಹೋಗ್ತಿದ್ದೆ. ಗುರುತಿರ್ಲಿ ಬಿಡ್ಲಿ. ಅದಕ್ಕೆ ಮಾತ್ರ ನಿಮ್ಮ ಮಾವ ಬೇಡ ಅಂತಿರ್ಲಿಲ್ಲ.”

ಎಣ್ಣೆಯ ಕೈ ನಿಂತಿತು. ಅತ್ತೆಗೆ ಊರಿನ ಎಲ್ಲ ಮನೆಗಳ ಕಥೆ ಹೇಗೆ ಗೊತ್ತು ಎಂಬುದು ಅವಳಿಗೆ ಆಗ ತಿಳಿಯಿತು. ನಗು ಬಂತು. ಮುದುಕಿ ಕೊಡುತ್ತಿದ್ದದ್ದು ಸುಲಭದ ದಾರಿ. ಇನ್ನೊಂದು ಡಬ್ಬಿ ಇಟ್ಟರಾಯಿತು. ಆದರೆ ಅದು ತುಂಬುತ್ತಾ ಬಂದಾಗ ಸೋಮವಾರ ಹೇಳುತ್ತೇನೆ ಎಂಬ ಇನ್ನೊಂದು ನೆಪ, ಗೋಡೆಗೆ ಒರಗಿ ಕಾಯುವ ಇನ್ಯಾರೋ ಒಬ್ಬರು.

“ಬೇಡ ಅತ್ತೆ,” ಎಂದಳು. “ಸುಮ್ನೆ ಓಡ್ತೀನಿ.”

“ಸುಮ್ನೆ ಅಂದ್ರೆ ಯಾರು ಕೇಳ್ತಾರೆ?”

“ನಾನು ಯಾರನ್ನೂ ಕೇಳೋದಿಲ್ಲ. ಹೇಳ್ತೀನಿ.”

ಬೆಳಿಗ್ಗೆ ಅವಳು ಶೂ ಕಟ್ಟುತ್ತಿದ್ದಾಗ ಗಂಡ ಕಣ್ಣುಜ್ಜಿಕೊಂಡು ಎದ್ದು ಬಂದ. ಹಣ ಪೂರ್ತಿಯಾಯಿತಲ್ಲ, ಮತ್ತೆಲ್ಲಿಗೆ ಎಂದು ಕೇಳಿದ. ಕೆರೆಗೆ ಎಂದಳು. ಯಾವುದಕ್ಕೆ ಎಂದ.

“ನಂಗೆ ಓಡೋದು ಇಷ್ಟ ರೀ.”

ಅವನು ಬಾಯಿ ತೆರೆದು ಒಳಗಿನ ಮಂಚದ ಕಡೆ ನೋಡಿದ, ತಾಯಿ ಏನಾದರೂ ಹೇಳಲಿ ಎಂಬಂತೆ. ಮುದುಕಿ ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳ ಹಾಗೆ ಮಲಗಿದ್ದಳು. ಯಾರಾದರೂ ಕೇಳಿದರೆ ಏನು ಹೇಳಲಿ ಎಂದ ಅವನು. ಇಷ್ಟವಂತೆ ಅನ್ನಿ ಎಂದು ಅವಳು ಮೆಟ್ಟಿಲಿಳಿದಳು.

ಜನ ಕೇಳಿದರು. ಈಗ ಯಾರಿಗಾಗಿ ಎಂದು ಟೀಚರು ಕೇಳಿದರು. ಅವಳ ಉತ್ತರ ಕೇಳಿ ಅವರ ಮುಖ ಸ್ವಲ್ಪ ಗಂಟಿಕ್ಕಿತು, ಇಷ್ಟು ದಿನ ಮೋಸ ಹೋದೆವೇನೋ ಎಂಬ ಹಾಗೆ. ಮಗಳ ಮನೆಗೆ ಊಟ ಕಳಿಸುವುದು ನಿಂತಿತು. ಅವಳು ಬೆಳಕು ಹರಿದ ಮೇಲೆ ಓಡತೊಡಗಿದ್ದರಿಂದ ತಿಂಡಿ ತಡವಾಗಿ, ಗಂಡ ಕೆಲವು ದಿನ ತಿನ್ನದೆ ಆಫೀಸಿಗೆ ಹೋದ. ಅದು ಸಿಟ್ಟೋ, ಮಾಡಿಕೊಳ್ಳಲು ಬಾರದ್ದೋ ಎಂದು ಅವಳು ವಿಚಾರಿಸಲಿಲ್ಲ. ಆಫೀಸಿನಲ್ಲಿ ಅವನು ಹೆಂಡತಿಯ ಸುದ್ದಿ ಎತ್ತುವುದನ್ನು ಬಿಟ್ಟಿದ್ದಾನಂತೆ. ಅವಳು ದಿನಾ ಓಡುತ್ತಾಳೆ ಎಂದರೂ ಈಗ ಅದು ನಿಜವಲ್ಲ. ಮೈ ಸರಿಯಿಲ್ಲದ ದಿನ, ಮನಸ್ಸಿಲ್ಲದ ದಿನ ಹೊದ್ದುಕೊಂಡು ಮಲಗುತ್ತಾಳೆ. ಹಾಗೆ ಮಲಗಿದ ದಿನಗಳಲ್ಲೂ ತಿಂಡಿ ತಡವಾಗುತ್ತದೆ.