ಶಹಾಬಾದಿನ ಆರು ಮಂಚಗಳ ತಪಾಸಣೆ

ಮೂವತ್ತು ವರ್ಷ ನಾನು ಶಾಲೆಗಳ ತಪಾಸಣೆ ಮಾಡಿದವನು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಹೆಡ್‌ಮಾಸ್ತರರು ಹಾಜರಿ ಪುಸ್ತಕ ಹುಡುಕಲು ಒಳಗೆ ಓಡುತ್ತಿದ್ದರು. ನಾನು ಹಾಜರಿ ಪುಸ್ತಕ ನೋಡುವುದು ಎಲ್ಲಕ್ಕಿಂತ ಕೊನೆಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮೊದಲು ಕುಡಿಯುವ ನೀರಿನ ಮುಚ್ಚಳ ತೆಗೆದು ನೋಡುತ್ತಿದ್ದೆ. ಆಮೇಲೆ ಪಾಯಖಾನೆ. ಆಮೇಲೆ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತ ಮಗುವಿನ ಪಕ್ಕ ಕೂತು ಮಾತಾಡಿಸುತ್ತಿದ್ದೆ. ಒಂದು ಶಾಲೆ ಹೇಗಿದೆ ಎಂದು ತಿಳಿಯಲು ಇಷ್ಟು ಸಾಕು. ಖಡಕ್ ಮನುಷ್ಯ ಎಂದು ನನಗೆ ಹೆಸರಿತ್ತು. ಆ ಹೆಸರು ನನಗೆ ಇಷ್ಟವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ ಅವ್ವನಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಹೈದರಾಬಾದಿಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಅದು ಬೆನ್ನುಮೂಳೆಗೆ ಇಳಿದಿತ್ತು. ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು. ಸೇಡಂನ ಮನೆಯಲ್ಲಿ ಅವ್ವ ದೇವರ ಕೋಣೆಯ ಪಕ್ಕದ ಮಂಚದ ಮೇಲೆ ಮಲಗಿದಳು. ನೋವು ಬಂದಾಗ ಕೂಗುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಸೊಲ್ಲಾಪುರದ ಬ್ಯಾಂಕಿನಲ್ಲಿದ್ದ ಅಣ್ಣ, ಇನ್ನೊಂದು ದೊಡ್ಡ ಆಸ್ಪತ್ರೆ ಗೊತ್ತು ಮಾಡಿ, ಅಲ್ಲಿಗೇ ಸೇರಿಸೋಣ ಎಂದ. ಆ ಆಸ್ಪತ್ರೆಯಲ್ಲಿ ಮನೆಯವರನ್ನು ದಿನಕ್ಕೆ ಒಂದು ತಾಸು ಮಾತ್ರ ಒಳಗೆ ಬಿಡುತ್ತಾರಂತೆ. ಅವ್ವ ಒಲ್ಲೆನೆಂದಳು. ಅದೇ ವಾರ ವಾಡಿಯ ಹೆಡ್‌ಮಾಸ್ತರರೊಬ್ಬರು ಶಹಾಬಾದಿನ ದವಾಖಾನೆಯ ವಿಷಯ ಹೇಳಿದರು. ಗುಣವಾಗದವರಿಗೆ ನೋವು ಕಡಿಮೆ ಮಾಡುವ ದವಾಖಾನೆ ಅದು. ನರ್ಸುಗಳು ಮನೆಗೇ ಬರುತ್ತಾರೆ, ಅವರ ಹತ್ತಿರ ಮಾರ್ಫಿನ್ ಇಡುವ ಲೈಸೆನ್ಸ್ ಇದೆ ಎಂದರು. ಅಣ್ಣನಿಗೆ ಫೋನ್ ಮಾಡಿದೆ.

"ಅದೇನು ದವಾಖಾನೀನೋ, ಧರ್ಮಶಾಲೀನೋ?" ಎಂದ. "ನಾಳೆ ಅವ್ವಗ ಏನರೆ ತ್ರಾಸ ಆದ್ರ ಜವಾಬ್ದಾರಿ ನಿಂದು ನೋಡು."

"ನೋಡಿ ಬಂದು ಹೇಳ್ತೀನಿ ಅಣ್ಣಾ. ನೋಡೋದು ನನ್ನ ಕೆಲಸಾನೇ ಅದ" ಎಂದೆ.

ಹೋಗುವ ಹಿಂದಿನ ದಿನ ಸಂಜೆ ಕೂತು ನಲವತ್ತು ಪ್ರಶ್ನೆ ಬರೆದುಕೊಂಡೆ. ಯಾರಿಗೂ ಸುದ್ದಿ ಕೊಡದೆ, ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಶಹಾಬಾದಿನಲ್ಲಿ ಇಳಿದೆ. ಒಂದು ಕಾಲದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತುಂಬಿಡುತ್ತಿದ್ದ ಗೋದಾಮು ಅದು. ಸುಣ್ಣ ಬಳಿದು ಎರಡು ಕೋಣೆ ಮಾಡಿದ್ದರು. ಒಳಗೆ ಆರು ಮಂಚ. ಬೋರ್ಡು ಕೂಡ ಸಣ್ಣದು. ಅಣ್ಣ ಹೇಳಿದ್ದೇ ಖರೆಯೇನೋ ಅನ್ನಿಸಿತು.

ನೀರಿನ ಮುಚ್ಚಳ ತೆಗೆದೆ. ನೀರು ಸ್ವಚ್ಛ ಇತ್ತು, ಎತ್ತಿಕೊಳ್ಳಲು ಉದ್ದ ಹಿಡಿಕೆಯ ಸೌಟೂ ಇತ್ತು. ಪಾಯಖಾನೆಯಲ್ಲಿ ಮೂಗು ಮುಚ್ಚಿಕೊಳ್ಳಬೇಕಾಗಲಿಲ್ಲ, ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿದ್ದರು. ಕೊನೆಯ ಮಂಚದ ಮೇಲೆ ಕಲ್ಲಿನ ಖಣಿಯಲ್ಲಿ ದುಡಿದ ಮುದುಕನೊಬ್ಬ ಮಲಗಿದ್ದ. ಅವನ ಪಕ್ಕ ಕೂತೆ.

"ಕರದ್ರ ಎಷ್ಟೊತ್ತಿಗಿ ಬರ್ತಾರ?" ಎಂದು ಕೇಳಿದೆ.

"ಕರಿಯೋದೆಲ್ಲಿ ಬಂತ್ರಿ ಸಾಹೇಬ್ರ? ಅವ್ರೇ ಬಂದು ಕುಂದರ್ತಾರ. ಭಾಳ ಮಾತಾಡ್ತಾರ. ಅದೊಂದೇ ತಕಲೀಫ್ ನೋಡ್ರಿ."

ಆಮೇಲೆ ಡಾಕ್ಟರ ಮುಂದೆ ಕೂತು ನನ್ನ ಪ್ರಶ್ನೆಗಳ ಹಾಳೆ ಬಿಡಿಸಿದೆ. ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು ಅವರು. ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರು. ನಡುವೆ ಒಂದು ಕಡೆ ನಾನು ಅಭ್ಯಾಸಬಲದಿಂದ, "ಫಲಿತಾಂಶ ಎಷ್ಟು?" ಎಂದು ಕೇಳಿಬಿಟ್ಟೆ. ಶಾಲೆಗಳಿಗೆ ಕೇಳುವ ಪ್ರಶ್ನೆ ಅದು, ಹಾಳೆಯಲ್ಲಿ ಹೇಗೆ ಸೇರಿತ್ತೋ.

ಡಾಕ್ಟರು ಅದಕ್ಕೂ ಉತ್ತರ ಕೊಟ್ಟರು. "ಸೊನ್ನಿ ರೀ. ಸುರು ಆದಾಗಿಂದ ಇಲ್ಲೀತನಕ ಒಬ್ಬರೂ ಗುಣ ಆಗಿಲ್ಲ. ನಮ್ಮ ಲೆಕ್ಕ ಬ್ಯಾರೆ ಅದ. ಹೋಗೋತನಕ ಮನುಷ್ಯಾ ಹ್ಯಾಂಗ ಇದ್ದ ಅಂತ ನೋಡ್ರಿ ನೀವು."

ಸೊನ್ನೆ ಎಂದು ಮುಖದ ಮೇಲೆ ಹೇಳಿದ ಸಂಸ್ಥೆಯನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಅಲ್ಲೇ ಅರ್ಧ ಒಪ್ಪಿಕೊಂಡೆ. ಉಳಿದರ್ಧವನ್ನು ಮನೆಗೆ ಬರುವ ನರ್ಸನ್ನು ನೋಡಿ ತೀರ್ಮಾನಿಸುವುದೆಂದು ಇಟ್ಟುಕೊಂಡೆ.

ಅವಳು ಬಂದದ್ದು ಮರುದಿನ. ಮೂವತ್ತರ ಆಸುಪಾಸಿನವಳು, ಕಾಳಗಿ ಕಡೆಯ ಹಳ್ಳಿಯವಳು. ಹೆಗಲಿಗೆ ಚೀಲ, ಕಾಲಿಗೆ ಧೂಳು. ನನ್ನ ಜೊತೆ ಎರಡು ಮಾತಾಡಿ ನೇರ ಅವ್ವನ ಕೋಣೆಗೆ ನಡೆದು ಹೊಸ್ತಿಲ ಹೊರಗೇ ನಿಂತಳು.

"ಆಯಿ, ಒಳಗ ಬರ್ಲೇನ್ರಿ? ಮಡಿ ಮುಗದದೇನು?"

ಅವ್ವ ತಲೆ ಎತ್ತಿ ನೋಡಿದಳು. "ಮುಗದದ, ಬಾ. ಯಾವೂರವ್ವಾ ನಿಂದು? ಯಾರ ಪೈಕಿ?"

ಜಾತಿ ಕೇಳಿದ್ದು ನನಗೆ ಮುಜುಗರವಾಯಿತು. ಅವಳು ಊರು ಹೇಳಿ, "ನಾವು ಬೌದ್ಧರ್ರಿ" ಎಂದಳು.

ಅವ್ವ ಸ್ವಲ್ಪ ಯೋಚಿಸಿದಳು. "ಬುದ್ಧನೂ ನಮ್ಮ ದಶಾವತಾರದಾಗ ಒಬ್ಬ ಇದ್ದಾನ."

"ನಾವು ಹಂಗ ಅನ್ನಂಗಿಲ್ರಿ ಆಯಿ" ಎಂದು ನರ್ಸು ನಕ್ಕಳು.

"ಅನಬ್ಯಾಡ ಬಿಡು. ಕುಂದ್ರು" ಎಂದು ಅವ್ವ ಮಂಚದ ತುದಿ ತೋರಿಸಿದಳು. ಎಂಬತ್ತರ ಹತ್ತಿರ ಬಂದಿದ್ದ ನನ್ನ ಅವ್ವ ತನ್ನ ಮಂಚದ ಮೇಲೆ ಹೊರಗಿನವರನ್ನು ಕೂರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನರ್ಸು ಚೀಲದಿಂದ ಬರೆದುಕೊಳ್ಳುವ ವಹಿ ತೆಗೆದಳು. "ಆಯಿ, ಬ್ಯಾನಿಗಿ ಹತ್ತರಾಗ ಎಷ್ಟು ಮಾರ್ಕ್ ಕೊಡ್ತೀರಿ?"

"ಮಾರ್ಕ್ ಕೊಡೋದು ನನ್ನ ಮಗನ ಕೆಲಸ. ನಂಗ ತಿಳಿಯೂದಿಲ್ಲ."

ನರ್ಸು ಮತ್ತೊಮ್ಮೆ ಕೇಳಲಿಲ್ಲ. ಅವ್ವನ ಬಲಗೈ ಜಪದ ಚೀಲದೊಳಗೆ ಇತ್ತು. ಆ ಚೀಲ ಅಲ್ಲಾಡುವುದನ್ನು, ನಿಲ್ಲುವುದನ್ನು ಸುಮಾರು ಹೊತ್ತು ನೋಡಿದಳು. "ಒಂದು ಸುತ್ತು ಪೂರಾ ಆಗ್ತದೇನ್ರಿ?"

"ಎಲ್ಲೀದವ್ವಾ. ನೂರಾ ಎಂಟು ಮಣಿ. ಹದಿಮೂರಕ್ಕ ಕೈ ನಿಂದರ್ತದ. ಬ್ಯಾನಿ ಬಂತಂದ್ರ ಎಣಿಕಿ ತಪ್ಪತದ. ಮತ್ತ ಮೊದಲಿಂದ." ಅಷ್ಟು ಹೇಳಿ ಅವ್ವ ಗಟ್ಟಿಯಾಗಿ ಅವಳ ಮುಖ ನೋಡಿದಳು. "ಒಂದು ಮಾತು ಕೇಳು. ನಿಮ್ಮ ಔಷಧದಿಂದ ಎಚ್ಚರ ತಪ್ಪೋದಾದ್ರ ನಂಗದು ಬ್ಯಾಡ. ಹೆಸರು ಹೇಳಿಕೋತ ಹೋಗಬೇಕು ನಾನು. ಒಂದು ಸುತ್ತರೆ ಪೂರಾ ಮಾಡಬೇಕು."

"ಮೊದಲ ಎರಡು ಮೂರು ದಿನ ತೂಕಡಿಕಿ ಬರ್ತದ್ರಿ. ಆಮ್ಯಾಲ ಹೋಗ್ತದ. ಹೋಗಲಿಲ್ಲಂದ್ರ ನಾನೇ ಬಂದು ಗುಳಿಗಿ ಕಮ್ಮಿ ಮಾಡ್ತೀನಿ" ಎಂದ ನರ್ಸು, ವಹಿಯಲ್ಲಿ ನೋವಿನ ಅಂಕಣದಲ್ಲಿ ಹದಿಮೂರು ಎಂದು ಬರೆದುಕೊಂಡಳು. ಅದರ ಪಕ್ಕ 'ಮಣಿ' ಎಂದು ಬರೆದಳು. ನಾಲ್ಕು ತಾಸಿಗೊಂದು ಮಾರ್ಫಿನ್ ಗುಳಿಗೆ, ತಪ್ಪಿಸಬಾರದು ಎಂದು ನನ್ನ ಹೆಂಡತಿಯಿಂದ ಎರಡು ಸಲ ಹೇಳಿಸಿ ಒಪ್ಪಿಸಿಕೊಂಡಳು.

ಎರಡು ದಿನ ಅವ್ವ ಮಲಗಿಯೇ ಇದ್ದಳು. ನನಗೆ ಪಿತ್ತ ನೆತ್ತಿಗೇರಿತು. ಶಹಾಬಾದಿಗೆ ಫೋನ್ ಮಾಡಿ ನರ್ಸನ್ನು ಬಾಯಿಗೆ ಬಂದಂತೆ ಬೈದೆ. ಇನ್ನೊಂದು ದಿನ ತಡೀರಿ ಎಂದಳು ಅಷ್ಟೇ. ಮೂರನೆಯ ದಿನ ಬೆಳಿಗ್ಗೆ ಅವ್ವ ಎದ್ದು ಕೂತು, ಕಾಫಿ ನೀರಾಗಿದೆ ಎಂದು ತಕರಾರು ತೆಗೆದಳು. ನನ್ನ ಹೆಂಡತಿ ಖುಷಿಯಿಂದ ಅತ್ತಳು. ಆವತ್ತು ಮೂವತ್ತೊಂದು ಮಣಿ. ಮುಂದಿನ ಭೇಟಿಗೆ ಐವತ್ತನಾಲ್ಕು. ಆಮೇಲೆ ಎಪ್ಪತ್ತು. ನರ್ಸು ವಹಿಯಲ್ಲಿ ಬರೆಯುವಾಗ ಅವ್ವ ಕತ್ತು ಚಾಚಿ ನೋಡುತ್ತಿದ್ದಳು.

ಅಷ್ಟರಲ್ಲಿ ಏಕಾದಶಿ ಬಂತು. ನಮ್ಮ ಮನೆಯ ಏಕಾದಶಿಯಲ್ಲಿ ಹಣ್ಣು ಹಾಲು ಏನೂ ಇಲ್ಲ, ಒಂದು ಸಲ ತೀರ್ಥ ಬಿಟ್ಟರೆ ನೀರೂ ಇಲ್ಲ. ಅವ್ವ ಗುಳಿಗೆ ಬೇಡವೆಂದಳು. ಹೆಂಡತಿ ನನ್ನ ಮುಖ ನೋಡಿದಳು. ಒಂದು ದಿನಕ್ಕೆ ಏನಾಗುತ್ತದೆ, ಈ ವಯಸ್ಸಿನಲ್ಲಿ ಅವಳ ವ್ರತ ಯಾಕೆ ಕೆಡಿಸಬೇಕು ಎಂದೆ ನಾನು. ಮಧ್ಯಾಹ್ನದ ಹೊತ್ತಿಗೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂಜೆಗೆ ನಾಲ್ಕು ಮಣಿ ಕೂಡ ದಾಟಲಿಲ್ಲ. ಆಗಲಾದರೂ ಫೋನ್ ಮಾಡಬೇಕಿತ್ತು. ಏಕಾದಶಿಯ ವಿಷಯ ಆ ನರ್ಸಿಗೇನು ತಿಳಿಯುತ್ತದೆ ಎಂದುಕೊಂಡೆ. ಹೀಗೆ ಅಂದುಕೊಂಡವನು ನಾನೇ, ಬರೆಯಲು ನಾಚಿಕೆಯಾಗುತ್ತದೆ.

ದ್ವಾದಶಿಯ ಬೆಳಿಗ್ಗೆ ನರ್ಸು ಬಂದಳು. ಅವ್ವನನ್ನು ನೋಡಿ, ಗುಳಿಗೆ ಕೊಟ್ಟು, ಹೊರಗೆ ಬಂದು ನನ್ನ ಎದುರು ನಿಂತಳು.

"ಸಾಹೇಬ್ರ, ನಮ್ಮ ದವಾಖಾನಿಗಿ ನಲವತ್ತು ಪ್ರಶ್ನಿ ಕೇಳಿದ್ರಿ ನೀವು. ಇದೊಂದು ಮಾತು ನಮಗ ಹೇಳಲಿಲ್ಲ."

"ನೀವು ಕೇಳಲಿಲ್ಲ" ಎಂದೆ. ಅಧಿಕಾರಿಯ ದನಿಯಲ್ಲೇ ಅಂದೆ.

ಅವಳು ತಲೆಯಾಡಿಸಿ, "ಖರೆ ಅದ ರೀ. ಕೇಳಬೇಕಿತ್ತು. ನಂದೇ ತಪ್ಪು" ಎಂದಳು.

ಮೂವತ್ತು ವರ್ಷದಲ್ಲಿ ಎಷ್ಟೋ ಸಬೂಬು ಕೇಳಿದ್ದೆ. ಮಳೆ ಬಂತು, ಕೀಲಿ ಕಳೆಯಿತು, ಗುಮಾಸ್ತ ರಜೆ ಹಾಕಿದ. ತಪ್ಪು ನನ್ನದು ಎಂದು ಒಬ್ಬ ಹೆಡ್‌ಮಾಸ್ತರನೂ ನನ್ನ ಮುಂದೆ ಅಂದಿರಲಿಲ್ಲ. ನಾನು ಉಳಿಸಿಕೊಂಡಿದ್ದ ಅರ್ಧ ತೀರ್ಮಾನ ಆ ಕ್ಷಣಕ್ಕೆ ಮುಗಿಯಿತು.

ಅವಳು ಮತ್ತೆ ಒಳಗೆ ಹೋದಳು. ಅವ್ವ ಸ್ವಲ್ಪ ಸುಧಾರಿಸಿಕೊಂಡಿದ್ದಳು.

"ಆಯಿ, ಸಿಟ್ಟಾಗಬ್ಯಾಡ್ರಿ, ಗೊತ್ತಿಲ್ಲದೇ ಕೇಳಾಕತ್ತೀನಿ. ಉಪಾಸ ಯಾಕ ಮಾಡ್ತೀರಿ?"

"ಮನಸ್ಸು ದೇವರ ಕಡೆ ಇರಲಿ ಅಂತ."

"ನಿನ್ನಿ ಇತ್ತೇನ್ರಿ?"

ಅವ್ವನ ಚೀಲದೊಳಗಿನ ಕೈ ನಿಂತಿತು. "ಇಲ್ಲ. ನಿನ್ನಿ ಇಡೀ ದಿನ ಬ್ಯಾನಿ ಕಡೆನೇ ಇತ್ತು" ಎಂದಳು. ನನ್ನ ಕಡೆ ತಿರುಗಿದಳು. "ಮುಂದಿನ ಏಕಾದಶಿಗೆ ಅನ್ನ ನೀರು ಬಿಡ್ತೀನಿ. ಗುಳಿಗಿ ಬಿಡೂದಿಲ್ಲ. ನುಂಗಲಿಕ್ಕೆ ಒಂದೊಂದು ಉದ್ಧರಣಿ ತೀರ್ಥ ಕೊಡು. ಹೆಸರೇ ಹೇಳಲಿಕ್ಕೆ ಆಗಲಿಲ್ಲಂದ್ರ ಅದೆಂಥಾ ವ್ರತ?"

ಹತ್ತಾರು ಗ್ರಂಥ ಓದಿದ ನಾನು ಅವ್ವನಿಗೆ ಆ ಪ್ರಶ್ನೆಯನ್ನು ಒಂದು ದಿನವೂ ಕೇಳಿರಲಿಲ್ಲ. ಅದನ್ನು ಕೇಳಿದ ಹುಡುಗಿಯ ಬಗ್ಗೆ ಹೆಮ್ಮೆಯೋ, ಉತ್ತರ ಕೊಟ್ಟ ಅವ್ವನ ಬಗ್ಗೆ ಹೆಮ್ಮೆಯೋ ಹೇಳಲಾರೆ. ಇಬ್ಬರ ಬಗ್ಗೆಯೂ ಇತ್ತು. ಮುಂದಿನ ಭೇಟಿಗೆ ನರ್ಸು ಹೊಸ ಫಾರ್ಮು ತಂದಳು. ಉಪವಾಸ, ರೋಜಾ, ವಾರದ ಒಪ್ಪತ್ತು ಯಾವ್ಯಾವ ದಿನ ಎಂಬ ಸಾಲು ಅದರಲ್ಲಿ ಸೇರಿತ್ತು. ಡಾಕ್ಟರು ಎಲ್ಲ ಮನೆಗಳಿಗೂ ಅದೇ ಫಾರ್ಮು ಮಾಡಿಸಿದ್ದರು. ಚಿಂಚೋಳಿಯ ಮನೆಯಲ್ಲೂ, ಚಿತ್ತಾಪುರದ ಮನೆಯಲ್ಲೂ ಈಗ ಮೊದಲು ಅದನ್ನೇ ಕೇಳುತ್ತಾರೆ ಎಂದು ನಾನು ಎದೆಯುಬ್ಬಿಸಿ ಹೆಂಡತಿಗೆ ಹೇಳಿದೆ. ಅದು ನಿಮ್ಮ ತಪ್ಪಿನಿಂದ ಆದದ್ದು ಎಂದು ಅವಳು ನೆನಪಿಸಿದಳು.

ಮುಂದಿನ ಏಕಾದಶಿಯಂದು ಅವ್ವ ಗುಳಿಗೆ ನುಂಗಿ, ಗೋಡೆಗೆ ದಿಂಬು ಇಟ್ಟುಕೊಂಡು ಕೂತಳು. ನಾನು ಕಚೇರಿಗೆ ರಜೆ ಹಾಕಿ ಬಾಗಿಲಲ್ಲಿ ಕೂತಿದ್ದೆ. ಹತ್ತು ಗಂಟೆಯ ಸುಮಾರಿಗೆ ಚೀಲದಿಂದ ಕೈ ತೆಗೆದು ಕಣ್ಣಿಗೆ ಒತ್ತಿಕೊಂಡಳು. "ಆತು. ಪೂರಾ ಆತು. ಆ ಹುಡಿಗಿಗಿ ಫೋನ್ ಮಾಡಿ ಹೇಳು, ಬರಕೊಳ್ಳಲಿ" ಎಂದಳು. ನಾನು ಫೋನ್ ಹಿಡಿದುಕೊಂಡು ನೂರಾ ಎಂಟು ಎಂದಾಗ ಆ ಕಡೆಯಿಂದ ನರ್ಸು ಮೂಗು ಒರೆಸಿಕೊಂಡ ಸದ್ದು ಕೇಳಿತು.

ಎಂಟು ದಿನಕ್ಕೆ ಅವ್ವ ಹೋದಳು. ಮಧ್ಯಾಹ್ನ. ಸೊಲ್ಲಾಪುರದಿಂದ ಬಂದ ಅಣ್ಣ ಪಕ್ಕದಲ್ಲಿದ್ದ. ಅವ್ವ ಕಣ್ಣು ಬಿಟ್ಟು ಅವನನ್ನು ಗುರುತು ಹಿಡಿದು, "ಯಾವಾಗ ಬಂದಿ? ಊಟ ಮಾಡಿದ್ಯೋ ಇಲ್ಲೋ?" ಎಂದು ಕೇಳಿದಳು. ಮಾಡಿದೆ ಎಂದ. ಅವ್ವನ ಹೆಬ್ಬೆರಳು ಚೀಲದೊಳಗೆ ಮೆಲ್ಲಗೆ ಸರಿಯುತ್ತಲೇ ಇತ್ತು, ತುಟಿಯೂ. ಎಷ್ಟನೆಯ ಮಣಿಗೆ ನಿಂತಿತೋ ನಾವು ಎಣಿಸಲಿಲ್ಲ. ಎಲ್ಲ ಮುಗಿದ ಮೇಲೆ ಅಣ್ಣ, "ನಮ್ಮ ಕಡೆ ಇಂಥಾದ್ದು ಅದ ಅಂತ ನನಗ ಗೊತ್ತಿದ್ದಿಲ್ಲ ನೋಡೋ" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ.

ಹದಿಮೂರು ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ನರ್ಸು ಮತ್ತೆ ಬಂದಳು. ತೀರಿಕೊಂಡವರ ಮನೆಗೆ ಕೊನೆಯದಾಗಿ ಒಂದು ಸಲ ಹೋಗಬೇಕೆಂಬುದು ಅವರ ಪದ್ಧತಿ. ನಾನು ಹೊಗಳಿಕೆಯ ಮಾತುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಅವಳು ಕೈ ಅಡ್ಡ ಹಿಡಿದಳು.

"ಚಲೋ ಆಗಿದ್ದು ಆಮ್ಯಾಲ ಹೇಳ್ರಿ. ತಪ್ಪಿದ್ದು ಮೊದಲ ಹೇಳ್ರಿ. ಮುಂದಿನ ಮನಿಗಿ ಬೇಕಾಗ್ತದ."

"ಆ ಒಂದು ಏಕಾದಶಿ" ಎಂದೆ. ಮತ್ತೇನೂ ಇರಲಿಲ್ಲ.

ಅವಳು ಬರೆದುಕೊಂಡು, ಸಹಿಗೆಂದು ವಹಿಯನ್ನು ನನ್ನ ಕಡೆ ತಿರುಗಿಸಿದಳು. 'ಉಪವಾಸದ ಒಂದು ದಿನ ನೋವು ತಡೆಯಲಾಗಲಿಲ್ಲ. ತಪ್ಪು ನಮ್ಮದು' ಎಂದು ಬರೆದಿತ್ತು. ನಾನು ಪೆನ್ನು ತೆಗೆದುಕೊಂಡು 'ನಮ್ಮದು' ಎಂಬುದರ ಮೇಲೆ ಗೆರೆ ಎಳೆದು, ಮೇಲೆ 'ಮಗನದು' ಎಂದು ಬರೆದೆ. ಕೆಳಗೆ ನನ್ನ ಹುದ್ದೆಯ ಸಮೇತ ಪೂರ್ತಿ ಸಹಿ ಹಾಕಿದೆ.

"ಸಾಹೇಬ್ರ, ರಿಕಾರ್ಡ್ ತಿದ್ದಬಾರದಲ್ರಿ" ಎಂದಳು.

"ತಿದ್ದಿದ್ದಲ್ಲವ್ವಾ. ತಪಾಸಣಿ ಮಾಡೀನಿ" ಎಂದೆ.

ನೌಕರಿಯ ಕಾಲದಲ್ಲಿ ಸಾವಿರಾರು ಷರಾ ಬರೆದಿದ್ದೇನೆ. ಎಲ್ಲವೂ ಬೇರೆಯವರ ಮೇಲೆ. ನನಗೆ ಹೆಮ್ಮೆ ಇರುವುದು ಶಹಾಬಾದಿನ ಆ ವಹಿಯಲ್ಲಿರುವ ಒಂದರ ಬಗ್ಗೆ.