ನನ್ನ ಸಾಕ್ಷಿ ಅಕ್ಕನ ಬಾಯಲ್ಲಿ

ಆ ಭಾನುವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಭದ್ರಾವತಿ ಬಸ್ಸು ಹತ್ತಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ನನ್ನ ವಿದ್ಯಾರ್ಥಿಗಳಿಗೆ ಆಗುತ್ತದಲ್ಲ, ಹಾಗೆ. ಆರು ತಿಂಗಳು ನಾನು ಕಲಿಸಿದ ಶಿಷ್ಯೆ ಆ ದಿನ ಸಭೆಯ ಮುಂದೆ ನಿಲ್ಲುವವರಿದ್ದರು. ಶಿಷ್ಯೆ ಎಂದರೆ ಯಾರೋ ಹದಿನಾರರ ಹುಡುಗಿ ಅಂದುಕೊಳ್ಳಬೇಡಿ. ನನಗಿಂತ ಹತ್ತು ವರ್ಷ ದೊಡ್ಡವರು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಇಡೀ ಚರ್ಚಿಗೆ ಅವರು ಅಕ್ಕ.

ನಮ್ಮ ಚರ್ಚು ಇರುವುದು ಭದ್ರಾವತಿಯ ನ್ಯೂ ಟೌನಿನಲ್ಲಿ. ನಾನು ಮದುವೆಯಾಗಿ ಶಿವಮೊಗ್ಗ ಸೇರಿ, ಅಲ್ಲೇ ಗಣಿತದ ಟೀಚರ್ ಆಗಿ ಎಷ್ಟೋ ವರ್ಷಗಳಾದವು. ಆದರೂ ಭಾನುವಾರ ಬಂದರೆ ಕಾಲು ತಾನಾಗಿ ಆ ಕಡೆಗೇ ಹೋಗುತ್ತದೆ. ಅಲ್ಲಿ ಆರಾಧನೆ ಕನ್ನಡದಲ್ಲಿ, ಅಡುಗೆಮನೆಯ ಜಗಳ ತಮಿಳಿನಲ್ಲಿ, ಗಾಯನವೃಂದದ ಚಾಡಿ ತೆಲುಗಿನಲ್ಲಿ ನಡೆಯುತ್ತದೆ. ಮೂರೂ ಅರ್ಥವಾಗುವುದರಿಂದ ನನಗೆ ಅಲ್ಲಿ ಬೇಸರವೆಂಬುದೇ ಇಲ್ಲ.

ಅಕ್ಕ ಮದುವೆಯಾಗಿ ಬಂದಾಗಿನಿಂದ ಗಂಡನ ಜೊತೆ ಇದೇ ಚರ್ಚಿಗೆ ಬರುತ್ತಿದ್ದವರು. ಹಬ್ಬದೂಟಕ್ಕೆ ಸೌಟು ಹಿಡಿಯುತ್ತಿದ್ದವರೂ ಅವರೇ. ಆದರೆ ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನದ ದಿನ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಬಂದಾಗ ಮಾತ್ರ, ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದರು. ರೊಟ್ಟಿ ತೆಗೆದುಕೊಳ್ಳಬೇಕಾದರೆ ಮೊದಲು ಪೂರ್ಣ ಸದಸ್ಯರಾಗಬೇಕು, ಅದಕ್ಕೆ ಎಲ್ಲರೆದುರು ನಿಂತು ಸಾಕ್ಷಿ ಹೇಳಬೇಕು. ದೇವರು ತನ್ನ ಬದುಕಿನಲ್ಲಿ ಏನು ಮಾಡಿದ ಎಂಬುದನ್ನು ಬಾಯಿಬಿಟ್ಟು ಹೇಳುವುದೇ ಸಾಕ್ಷಿ. "ನಂಗೆ ಮಾತಾಡಕ್ ಬರಲ್ಲಪ್ಪ" ಎಂದು ಅಕ್ಕ ಮೂವತ್ತು ವರ್ಷ ತಪ್ಪಿಸಿಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ದಿನ ನಮ್ಮ ಪಾದ್ರಿಗಳಾದ ಸಭಾಪಾಲಕರ ಹತ್ತಿರ ತಾವಾಗಿಯೇ ಹೋಗಿ, "ಸಾಯೋದ್ರೊಳ್ಗೆ ಒಂದ್ಸಲ ಆ ರೊಟ್ಟಿ ತಿನ್ಬೇಕು ಅಯ್ನೋರೆ" ಎಂದರಂತೆ.

ನಮ್ಮಲ್ಲೊಂದು ಪದ್ಧತಿಯಿದೆ. ಹೊಸದಾಗಿ ಸೇರುವವರಿಗೆಲ್ಲ ಹಳಬರೊಬ್ಬರನ್ನು ಜೊತೆ ಮಾಡುತ್ತಾರೆ. ಆರು ತಿಂಗಳು ಕಲಿಸಿದ ಮೇಲೆ, ಸಾಕ್ಷಿಯ ದಿನ ಆ ಹಳಬರು ಶಿಷ್ಯರ ಬಲಗೈ ಹಿಡಿದು ಮುಂದೆ ನಿಲ್ಲಬೇಕು. ಸಾಕ್ಷಿ ಮುಗಿದ ಕೂಡಲೇ ಸಭಾಪಾಲಕರು ಕೇಳುವುದು ಶಿಷ್ಯರನ್ನಲ್ಲ, ಕಲಿಸಿದವರನ್ನು. "ಇದು ನಿಜವೇ?" ಅವರು "ನಿಜ, ನಾನು ಬಲ್ಲೆ" ಎಂದರೆ ಮಾತ್ರ ಅಂದೇ ರೊಟ್ಟಿ. ಇಲ್ಲದಿದ್ದರೆ ಇನ್ನಾರು ತಿಂಗಳು.

ಅಕ್ಕನಿಗೆ ನನ್ನನ್ನು ಜೊತೆ ಮಾಡಿದರು. ಪ್ರತಿ ಗುರುವಾರ ಶಾಲೆ ಮುಗಿಸಿ ಬಸ್ಸು ಹಿಡಿದು ಅವರ ಮನೆಗೆ ಓಡುತ್ತಿದ್ದೆ. ಅಕ್ಕನಿಗೆ ಓದು ಬಾರದು. ಹಾಗಾಗಿ ಪ್ರಭುವಿನ ಪ್ರಾರ್ಥನೆ, ವಿಶ್ವಾಸಪ್ರಮಾಣ, ಹತ್ತು ಆಜ್ಞೆ, ಎಲ್ಲವನ್ನೂ ನನ್ನ ದನಿಯಲ್ಲಿ ವಾಟ್ಸಾಪಿಗೆ ಕಳಿಸಿದೆ. ಅವರು ತರಕಾರಿ ಹೆಚ್ಚುತ್ತಾ ಕೇಳಿ ಕೇಳಿ ಬಾಯಿಪಾಠ ಮಾಡಿದರು. "ಒಂದಕ್ಷರ ಆಚೀಚೆ ಆಗಬಾರದು ಅಕ್ಕ" ಎಂದು ನಾನು ಗದರಿಸುತ್ತಿದ್ದೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುವಂಥದ್ದು, ಏನು ಮಾಡಲಿ? ನಡುನಡುವೆ ಅವರು, "ಟೀಚರಮ್ಮ, ಒಂದಿನ ಸಾಂಬಾರ್ ಮಾಡ್ವಾಗ ಏನಾಯ್ತು ಗೊತ್ತಾ" ಎಂದು ಶುರು ಮಾಡುತ್ತಿದ್ದರು. "ಅಡುಗೆ ಸುದ್ದಿ ಆಮೇಲೆ, ಮೊದಲು ಪಾಠ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಆ ಆಮೇಲೆ ಒಮ್ಮೆಯೂ ಬರಲಿಲ್ಲ.

ಕೊನೆಯ ತಿಂಗಳು, ಸಾಕ್ಷಿ ಎಂದರೆ ಹೇಗಿರಬೇಕೆಂದು ತೋರಿಸಲು ನನ್ನದೇ ಸಾಕ್ಷಿಯನ್ನು ಅದೇ ರೀತಿ ದನಿ ಮುದ್ರಿಸಿ ಕಳಿಸಿದೆ. ಆಗ ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ, ಗುರುವಾರದ ಬಸ್ಸೂ ತಪ್ಪಿತ್ತು. ಫೋನು ಮಾಡಿ "ಸಾಕ್ಷಿ ತಯಾರಾಯ್ತಾ?" ಎಂದು ಕೇಳಿದರೆ, "ಪೂರ್ತಿ ಬಂತು ಟೀಚರಮ್ಮ, ನಿದ್ದೇಲ್ ಎಬ್ಸಿದ್ರೂ ಹೇಳ್ತೀನಿ" ಎಂದರು. ನಾನು ಖುಷಿಯಿಂದ ಫೋನಿಟ್ಟೆ.

ಅಂತೂ ಆ ಭಾನುವಾರ ಬಂತು. ಚರ್ಚು ತುಂಬಿತ್ತು. ಅಕ್ಕ ಹೊಸ ಬಿಳಿ ಸೀರೆಯುಟ್ಟು ಮೈಕಿನ ಮುಂದೆ ನಿಂತರು. ಪದ್ಧತಿಯಂತೆ ನಾನು ಅವರ ಬಲಗೈ ಹಿಡಿದು ಪಕ್ಕದಲ್ಲಿ ನಿಂತೆ. ಒಮ್ಮೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಶುರು ಮಾಡಿದರು:

"ನಾನು ಬಿ.ಎಡ್. ಓದುತ್ತಿದ್ದ ದಿನಗಳವು..."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ ಬಿ.ಎಡ್. ಓದುತ್ತಿದ್ದರು! ಕಾಮಾಲೆ ಬಂದು ಆಸ್ಪತ್ರೆ ಸೇರಿದರು! ಪಕ್ಕದ ಹಾಸಿಗೆಯ ಮುದುಕಿ ಹಾಡಿದ ಕೀರ್ತನೆ ಕೇಳಿ ಕಣ್ಣೀರಿಟ್ಟರು! ಎಲ್ಲವೂ ನನ್ನದೇ, ನಾನು ಉಸಿರು ತೆಗೆದುಕೊಂಡ ಜಾಗದಲ್ಲೇ ಅವರೂ ಉಸಿರು ತೆಗೆದುಕೊಳ್ಳುತ್ತಿದ್ದರು. ಪ್ರಭುವಿನ ಪ್ರಾರ್ಥನೆಯ ಹಾಗೆ ಇದೂ ಎಲ್ಲರೂ ಒಪ್ಪಿಸಬೇಕಾದ ಪಾಠ ಎಂದು ತಿಳಿದಿದ್ದರು ಪಾಪ.

ಮುಂದಿನ ಸಾಲಿನ ಮಕ್ಕಳು ಜೊತೆಗೆ ತುಟಿಯಾಡಿಸತೊಡಗಿದರು. ಇಪ್ಪತ್ತು ವರ್ಷದಿಂದ ಸ್ತ್ರೀಯರ ಕೂಟ, ಯುವಜನರ ಕೂಟ ಎಂದು ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ನಾನು ಹೇಳಿದ್ದು ಅದೊಂದೇ ಸಾಕ್ಷಿಯಲ್ಲವೇ, ಅವಕ್ಕೆಲ್ಲ ಬಾಯಿಪಾಠ. ಗಾಯನವೃಂದದಲ್ಲಿದ್ದ ನನ್ನ ಗೆಳತಿ ಹಿಂದಿನಿಂದ ಪಿಸುಗುಟ್ಟಿದಳು. "ಏನ್ ಮಾರಾಯ್ತಿ ಇದು, ನಿಂದಲ್ವಾ?" ನನ್ನ ಕಿವಿ ಕೆಂಪಾಗಿ, ಸಿಟ್ಟು ನೆತ್ತಿಗೇರಿತು. ಸರಿಯಾಗಿ ಆ ಹೊತ್ತಿಗೆ ಅಕ್ಕ ಕೊನೆಯ ಸಾಲಿಗೆ ಬಂದಿದ್ದರು.

"ಅಂದಿನಿಂದ ಇಂದಿನವರೆಗೆ ನನಗೆ ಕೋಪವೆಂಬುದೇ ಬಂದಿಲ್ಲ."

ಚರ್ಚು ಘೊಳ್ಳೆಂದಿತು. ಸಭಾಪಾಲಕರು ತುಟಿ ಕಚ್ಚಿ ನಗು ತಡೆದು ನನ್ನ ಕಡೆ ತಿರುಗಿದರು. "ಇದು ನಿಜವೇ?"

ಏನು ಹೇಳಲಿ? ಅಕ್ಕನದ್ದೆಂದರೆ ಸುಳ್ಳು. ನನ್ನದೆಂದರೂ, ಆ ಕೊನೆಯ ಸಾಲು ಇಪ್ಪತ್ತು ವರ್ಷದಿಂದ ಶುದ್ಧ ಸುಳ್ಳು. ಅಕ್ಕ ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದರು. "ತಪ್ಪಾಯ್ತಾ ಟೀಚರಮ್ಮ? ಒಂದಕ್ಷರಾನೂ ಬಿಟ್ಟಿಲ್ವಲ್ಲ?"

"ಹೋಗಲಿ ಅಕ್ಕ, ಇನ್ನಾರು ತಿಂಗಳು ಬಿಟ್ಟು ನೋಡೋಣ" ಎಂದು ಸಭಾಪಾಲಕರು ಮೃದುವಾಗಿಯೇ ಹೇಳಿದರು. ಅಕ್ಕ ತಲೆ ತಗ್ಗಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಮೈಕು ಎಳೆದುಕೊಂಡೆ.

"ಅಯ್ಯನವರೇ, ಫೇಲಾಗಿದ್ದು ಟೀಚರ್, ಇವರಲ್ಲ. ಇವರು ತಮ್ಮದು ಹೇಳೋಕೆ ಬಂದಾಗಲೆಲ್ಲ ನಾನೇ ಬಾಯಿ ಮುಚ್ಚಿಸಿದೆ. ಈಗ ಕೇಳಿ." ಅಕ್ಕನ ಕಡೆ ತಿರುಗಿದೆ. "ಅಕ್ಕಾ, ಆ ಸಾಂಬಾರಿನ ಸುದ್ದಿ ಹೇಳಿ."

"ಅದಾ? ಅದು ಸಾಕ್ಷಿ ಅಲ್ವಲ್ಲಮ್ಮ."

"ಹೇಳಿ ಅಕ್ಕ."

ಅಕ್ಕ ನೆಲ ನೋಡುತ್ತಾ ಶುರು ಮಾಡಿದರು. "ನಮ್ಮೆಜಮಾನ್ರು ಹೋಗಿ ಹದಿನೈದ್ ದಿನಕ್ಕೆ ಚರ್ಚಲ್ಲಿ ಸುಗ್ಗಿ ಹಬ್ಬ ಬಂತು. ಬೇಡ ಅಂದ್ರೂ ಅಡ್ಗೆ ನಾನೇ ಮಾಡ್ತೀನಿ ಅಂದೆ. ಮನೇಲ್ ಕೂತ್ರೆ ಹುಚ್ಚು ಹಿಡ್ಯೋದು. ದೇವ್ರು ಎಲ್ಲಿದಾನೆ, ಎಲ್ಲೋದ ಅಂತ ಅದೇ ಯೋಚ್ನೆ. ಆ ಯೋಚ್ನೇಲಿ ಅಷ್ಟ್ ದೊಡ್ ಹಂಡೆ ಸಾಂಬಾರಿಗೆ ಉಪ್ಪೇ ಹಾಕಿಲ್ಲ. ನಂಗೊತ್ತೇ ಇಲ್ಲ! ಎಲ್ಲಾ ಪಂಕ್ತಿ ಮುಗೀತು. ಯಾರೂ ಒಂದ್ ಮಾತ್ ಅನ್ಲಿಲ್ಲ. ಒಂದ್ ಮಗು ಉಪ್ಪಿಲ್ಲ ಅಂದಿದ್ಕೆ ಅವರಮ್ಮ ಅದ್ರ ಬಾಯಿಗ್ ಕೈ ಇಟ್ರಂತೆ. ಕೊನೇಲಿ ನಾನ್ ಉಣ್ಣಕ್ ಕೂತಾಗ ಗೊತ್ತಾಯ್ತು. ಒಲೆ ಪಕ್ಕ ಕೂತು ಚೆನ್ನಾಗ್ ಅತ್ತೆ. ಅಯ್ಯೋ ದೇವ್ರೇ, ನಿನ್ನ ಎಲ್ಲೆಲ್ಲೋ ಹುಡುಕ್ತಿದ್ನಲ್ಲಪ್ಪ, ನೀನು ಇಲ್ಲೇ ಪಂಕ್ತೀಲ್ ಕೂತು ಉಪ್ಪಿಲ್ದೆ ಉಂಡ್ಯಲ್ಲಾ ಅಂದೆ. ಅಷ್ಟೇ ಅಯ್ನೋರೆ."

ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ನಿಜವೇ?" ಎಂದು ಅವರು ಕೇಳಿದ್ದು ನನ್ನನ್ನು. ಆದರೆ ಉತ್ತರ ಹಿಂದಿನ ಬೆಂಚಿನಿಂದ ಬಂತು.

"ನಿಜ ಅಯ್ನೋರೆ! ನಾವೇ ಉಂಡಿದ್ದು!"

ಅದರ ಹಿಂದೆಯೇ ನಾವೂ, ನಾವೂ ಎಂದು ಮೂರೂ ಭಾಷೆಯಲ್ಲಿ ಕೂಗು ಎದ್ದಿತು. ಕೆಲವರು ಅಳುತ್ತಿದ್ದರು, ಕೆಲವರು ನಗುತ್ತಿದ್ದರು. ನನ್ನ ಗೆಳತಿ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು. ಅಷ್ಟು ವರ್ಷ ಆ ಚರ್ಚಿನಲ್ಲಿ ಕೂತಿದ್ದರೂ ಅಂಥ ಗದ್ದಲ ನಾನು ಕೇಳಿರಲಿಲ್ಲ.

ಆದರೆ ಪದ್ಧತಿ ಪದ್ಧತಿಯೇ. ಸಭಾಪಾಲಕರು ಇನ್ನೂ ನನ್ನನ್ನೇ ನೋಡುತ್ತಿದ್ದರು. "ನಿಜ, ನಾನು ಬಲ್ಲೆ" ಎಂದರೆ ಮುಗಿಯುತ್ತಿತ್ತು. ಆ ಸುಗ್ಗಿ ಹಬ್ಬ ನನಗೂ ನೆನಪಿತ್ತು. ಒಂದು ತುತ್ತು ಬಾಯಿಗಿಟ್ಟು, "ಇದನ್ನ ದನಾನೂ ಮೂಸಲ್ಲ" ಎಂದು ಗೊಣಗಿ, ಶಿವಮೊಗ್ಗಕ್ಕೆ ಬಂದು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಅಕ್ಕನ ಕೈ ಹಿಡಿದುಕೊಂಡು ಇನ್ನೊಂದು ಸುಳ್ಳು ಸಾಲು ಹೇಳಲು ನನ್ನಿಂದಾಗಲಿಲ್ಲ.

"ನಿಜ. ನಾನು ಬಲ್ಲೆ" ಎಂದೆ. "ಆದರೆ ನಾನೊಬ್ಬಳು ಉಣ್ಣಲಿಲ್ಲ. ಎಲೆ ಮಡಚಿ ಎದ್ದು ಹೋದೆ."

ಅಕ್ಕ ನನ್ನ ಮುಖ ನೋಡಿ ನಕ್ಕರು.

"ಗೊತ್ತು ಟೀಚರಮ್ಮ. ನಿಮ್ ಎಲೆ ಎತ್ತಿದ್ದು ನಾನೇ ಅಲ್ವಾ."

ನನಗೆ ಕಣ್ಣೀರು ಧಾರಾಳವಾಗಿ ಬಂತು. ಅಷ್ಟರಲ್ಲಿ ಸಭಾಪಾಲಕರು ರೊಟ್ಟಿಯ ತಟ್ಟೆ ಹಿಡಿದು ಅಕ್ಕನ ಮುಂದೆ ಬಂದು ನಿಂತಿದ್ದರು. ಅಕ್ಕ ಕೈ ಚಾಚಲು ಹೋದರು, ಆಗಲಿಲ್ಲ. ಅವರ ಬಲಗೈಯನ್ನು ನಾನಿನ್ನೂ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇದ್ದೆ.

"ಬಿಡಿ ಟೀಚರಮ್ಮ" ಎಂದರು ಅಕ್ಕ, "ನಾನ್ ತಿನ್ಬೇಕು."