ಅಳುವ ಹುಡುಗಿಗೆ ಕುಂಕುಮ

ಶುಕ್ರವಾರ ಬೆಳಿಗ್ಗೆ, ಮಧುಗಿರಿ. ಚಿಕ್ಕಮ್ಮನ ಮನೆಯ ಗೋಡೆಯಿಂದ ಹಳೆಯ ಅಚ್ಚಿನ ಪಟವೊಂದನ್ನು ಇಳಿಸಿದೆ: ನಾಯಿಯನ್ನು ತಬ್ಬಿ ಅಳುತ್ತಿರುವ ಇಂಗ್ಲಿಷ್ ಹುಡುಗಿ. ಕಾಗದ ಗಟ್ಟಿಯಾಗಿದೆ, ಬಣ್ಣ ಮಾಸಿಲ್ಲ. ಹುಡುಗಿಯ ಹಣೆಯಲ್ಲಿ ಮಾತ್ರ ಎಣ್ಣೆಯ ಕೆಂಪು ಕಲೆ. ಆ ಕಮಟು ವಾಸನೆಗೆ ಅಜ್ಜಿ ನೆನಪಾದಳು.

ದೇವರ ಪಟಗಳ ಜೊತೆ ಅವಳು ಈ ಹುಡುಗಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡುತ್ತಿದ್ದಳು. ಅದಕ್ಕಾಗಿ ಗಾಜನ್ನೇ ತೆಗೆಸಿದ್ದಳು.

"ಪಟ ಹಾಳಾಗುತ್ತಜ್ಜಿ!" ಎಂದು ನಾನು ರೇಗಿದರೆ, "ಗಾಜಿಗಿಕ್ಕಿದ್ರೆ ಮಗೀಗೆ ಹೆಂಗ್ಲಾ ತಾಗ್ತದೆ? ಹೆಣ್ಮಗು ಬೋಳು ಹಣೇಲಿರಬೇಕಾ?" ಎನ್ನುತ್ತಿದ್ದಳು.

ಈಗ ಚಿಕ್ಕಮ್ಮ ಅದೇ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದಾಳೆ. "ನೋಡಿದ್ದು ಸಾಕು, ಕೊಡ್ಲಾ. ಪೂಜೆಗೆ ಹೊತ್ತಾಯ್ತು."

ಕಲೆ ಒರೆಸಿದರೆ ಬಣ್ಣವೂ ಕಿತ್ತುಬರುತ್ತದೆ. ಅದು ಹಾಗೇ ಇರಲಿ. ನಾಳೆ ಹೊಸ ಗಾಜು ಹಾಕಿಸುತ್ತೇನೆ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ.